ಬೂಷ್ಟಿನ ಎಳೆ



ಊಟಕ್ಕೆ ಮುಂಚೆ ಬೂಷ್ಟಿನ ಮಾತೇ ಎಂದು ಮುಖ ಸಿಂಡರಿಸಬೇಡಿ. ಹಳೆಯ ಬ್ರೆಡ್ಡಿನ ಮೇಲೆ ಹತ್ತಿಯಂತೆ ಹಬ್ಬುವ ಬೂಷ್ಟನ್ನು ಎಲ್ಲರೂ ಕಂಡಿದ್ದೀರಿ. ಅದು ಸಣ್ಣ ಎಳೆಗಳ ಬಲೆ. ನಮ್ಮ ಕೂದಲು ಬುಡದಲ್ಲಿ ಬೆಳೆಯುತ್ತದೆ. ಈ ಎಳೆ ಉದ್ದವಾಗುವುದು ತುದಿಯಲ್ಲಿ. ಗೋಡೆ ಕಟ್ಟುವ ಸಾಮಗ್ರಿ ಪುಟ್ಟ ಚೀಲಗಳಲ್ಲಿ ತುದಿಗೆ ಸಾಗುತ್ತದೆ, ಒಳಗಿನ ನೀರಿನ ಒತ್ತಡ ಅದನ್ನು ಮುಂದಕ್ಕೆ ನೂಕುತ್ತದೆ. ಹಿಂದೆ ಎಲ್ಲೋ ಒಂದು ಕಡೆ ಗೋಡೆ ಸಡಿಲವಾಗಿ ಹೊಸ ತುದಿ ಮೂಡಿದರೆ ಅದೇ ಕವಲು. ನಾವು ಉಂಡ ಮೇಲೆ ಅರಗಿಸುತ್ತೇವೆ. ಅದು ಹೊರಗೇ ಅರಗಿಸಿ, ಆಮೇಲೆ ಹೀರುತ್ತದೆ.

ಬ್ರೆಡ್ಡಿನ ಬೂಷ್ಟುಗಳಲ್ಲಿ ಒಂದು ರೈಜೋಪಸ್. 2021ರಲ್ಲಿ ಊರಿನ ಫೋನುಗಳಲ್ಲಿ ‘ಬ್ಲಾಕ್ ಫಂಗಸ್’ ಎಂದು ಕೇಳಿ ಗಾಬರಿಯಾದೆವಲ್ಲ, ಆ ಮ್ಯೂಕರ್‌ಮೈಕೋಸಿಸ್‌ಗೆ ಹೆಚ್ಚಾಗಿ ಕಾರಣ ಇದರ ಬಳಗವೇ. ಆ ಹೆಸರಿನ ಬಗ್ಗೆ ನನ್ನದೊಂದು ತಕರಾರಿದೆ. ಕಪ್ಪಾಗುವುದು ಬೂಷ್ಟಲ್ಲ, ನಮ್ಮ ಮಾಂಸ. ಎಳೆಗಳು ರಕ್ತನಾಳದ ಗೋಡೆ ತೂರಿ ಒಳಗೆ ಬೆಳೆಯುತ್ತವೆ, ರಕ್ತ ಹೆಪ್ಪುಗಟ್ಟುತ್ತದೆ, ಆಚೆಯ ಭಾಗ ಸಾಯುತ್ತದೆ. ರಕ್ತ ಹೋಗದ ಕಡೆ ಔಷಧಿಯೂ ಹೋಗದು. ಸರ್ಜನ್ನರು ಸತ್ತ ಭಾಗವನ್ನು, ಕೆಲವೊಮ್ಮೆ ಕಣ್ಣನ್ನೇ, ತೆಗೆಯಬೇಕಾಗಿ ಬರುವುದು ಅದಕ್ಕೇ.

ಇನ್ನು ಮೈಕ್ರೋಸ್ಕೋಪಿನ ಕೆಳಗೆ ಏನು ಕಾಣುತ್ತದೆ? ಆಸ್ಪರ್ಜಿಲಸ್ ಎಂಬ ಬೂಷ್ಟಿನ ಎಳೆ ತೆಳು, ನಡುನಡುವೆ ಅಡ್ಡಗೋಡೆ, ಸುಮಾರು 45 ಡಿಗ್ರಿಯ ಕವಲು. ಮ್ಯೂಕರ್ ಬಳಗದ್ದು ಅಗಲವಾದ ರಿಬ್ಬನ್ನಿನಂತೆ, ಅಡ್ಡಗೋಡೆ ಅಪರೂಪ, ಕವಲು ಹೆಚ್ಚುಕಡಿಮೆ 90 ಡಿಗ್ರಿ. ಕೋನವೊಂದನ್ನೇ ನಂಬಿದರೆ ಮೋಸಹೋಗಬಹುದು, ಅಗಲವನ್ನೂ ನೋಡಬೇಕು. ಈ ವ್ಯತ್ಯಾಸ ಪುಸ್ತಕದ ಬದನೆಕಾಯಿಯಲ್ಲ. ಆಸ್ಪರ್ಜಿಲಸ್‌ಗೆ ಕೊಡುವ ವೊರಿಕೊನಜೋಲ್ ಮ್ಯೂಕರ್‌ಗೆ ನಾಟುವುದಿಲ್ಲ. ಅದಕ್ಕೆ ಆಂಫೊಟೆರಿಸಿನ್ ಬೇಕು. 2021ರ ಮೇ ತಿಂಗಳಲ್ಲಿ ಭಾರತದಲ್ಲಿ ಅದಕ್ಕೇ ಅಭಾವವಾಗಿತ್ತು.

ಇದರ ಬೀಜಕಣ ಗಾಳಿಯಲ್ಲಿ, ಮಣ್ಣಿನಲ್ಲಿ ಎಲ್ಲೆಲ್ಲೂ ಇದೆ. ಆರೋಗ್ಯವಂತರ ಬಿಳಿ ರಕ್ತಕಣಗಳು ಅದನ್ನು ಮೊಳೆಯಗೊಡುವುದಿಲ್ಲ. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಗೆ ಸ್ಟೀರಾಯ್ಡ್ ಸೇರಿದರೆ ಆ ಕಾವಲು ಸಡಿಲವಾಗುತ್ತದೆ. ಕೋವಿಡ್ ಕಾಲದಲ್ಲಿ ಆದದ್ದು ಬಹುಪಾಲು ಇದೇ.

ನಮ್ಮಲ್ಲಿ ಎಷ್ಟೋ ಜನರ ತಂದೆತಾಯಂದಿರಿಗೆ ಸಕ್ಕರೆ ಕಾಯಿಲೆ ಇದೆ. ಭಾನುವಾರದ ಫೋನಿನಲ್ಲಿ ಅಮ್ಮ, “ಏನಿಲ್ಲಪ್ಪ, ಒಂದೇ ಕಡೆ ಮೂಗು ಕಟ್ಟಿದೆ, ಕೆನ್ನೆ ಜೋಮು ಹಿಡಿದಂತಿದೆ” ಎಂದರೆ, ಅಥವಾ ಕಣ್ಣು ಊದಿ ಎರಡೆರಡು ಕಾಣುತ್ತದೆ ಎಂದರೆ, ಶೀತವೆಂದು ಬಿಡಬೇಡಿ. ಅಂದೇ ಇ.ಎನ್.ಟಿ. ಡಾಕ್ಟರ ಬಳಿ ಕಳಿಸಿ. ಈ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಜೊತೆಗೆ ಹೋಗುವವರು ಹೆದರಬೇಕಾಗಿಲ್ಲ.