ಚೆಲುವು ಉಳಿದರೆ ನಲಿವು ಉಳಿದೀತು

(ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ನಿಸರ್ಗದ ಸೌಂದರ್ಯವು ಮನುಷ್ಯನಿಗೆ ಕೊಡುವ ಸಂತೋಷ ಎಷ್ಟು ಕಾಲ ಬಾಳುತ್ತದೆ? ಆಗುಂಬೆಗೆ ಸೂರ್ಯಾಸ್ತ ನೋಡಲು ಹೋದವರು ಕತ್ತಲಾಗುತ್ತಲೇ ವಾಹನ ಏರಿ ಮರಳುತ್ತಾರೆ. ಅವರ ಸಂತೋಷ ಅಲ್ಲಿಗೇ ಮುಗಿಯಿತೇ, ಅವರೊಂದಿಗೆ ಮನೆಗೂ ಬಂದಿತೇ? ಎರಡು ಶತಮಾನಗಳ ಹಿಂದೆ ಇಂಗ್ಲೆಂಡಿನ ರಮ್ಯ ಕವಿಗಳು ಈ ಪ್ರಶ್ನೆಯನ್ನು ಬಹು ಗಂಭೀರವಾಗಿ ಎತ್ತಿಕೊಂಡರು. ಅವರ ಉತ್ತರದ ಪ್ರಭಾವ ಕನ್ನಡದ ನವೋದಯ ಕಾವ್ಯದ ಮೇಲೂ ಆಯಿತು. ಆ ಉತ್ತರದಲ್ಲಿ ನಿಜವೆಷ್ಟು, ಕೊರತೆಯೆಷ್ಟು, ಮಲೆನಾಡಿನಿಂದ ಹರಿದುಬರುವ ನೀರನ್ನು ಕುಡಿಯುವ ದಾವಣಗೆರೆ ಮತ್ತು ಹರಿಹರಗಳ ಜನರಿಗೆ ಅದರಿಂದ ಆಗಬೇಕಾದ್ದೇನು ಎಂಬುದು ಇಂದಿನ ವಿಚಾರ.

ಮೊದಲು ನೆನಪಾಗುವ ಹೆಸರು ಜಾನ್ ಕೀಟ್ಸ್. 1818ರಲ್ಲಿ ಪ್ರಕಟವಾದ ಅವನ 'ಎಂಡಿಮಿಯನ್' ಕಾವ್ಯವು, ಚೆಲುವಿನಿಂದ ದೊರೆತ ಸಂತಸಕ್ಕೆ ಅಳಿವಿಲ್ಲವೆಂಬ ನಂಬಿಕೆಯಿಂದಲೇ ಆರಂಭವಾಗುತ್ತದೆ. ಆಗ ಅವನಿಗೆ 22 ವರ್ಷ. ಬೆಟ್ಟದ ತಪ್ಪಲಿನಲ್ಲಿ ಸುಖವಾಗಿ ಬೆಳೆದವನ ಮಾತು ಇದಲ್ಲ. ಕೀಟ್ಸ್ ಹುಟ್ಟಿದ್ದು ಲಂಡನ್ ನಗರದಲ್ಲಿ. ತಂದೆ ಕುದುರೆ ಲಾಯ ನೋಡಿಕೊಳ್ಳುತ್ತಿದ್ದವನು. ತಂದೆತಾಯಿಯರನ್ನು ಬಾಲ್ಯದಲ್ಲಿಯೇ ಕಳೆದುಕೊಂಡ ಹುಡುಗ ಆಸ್ಪತ್ರೆಯಲ್ಲಿ ವೈದ್ಯವಿದ್ಯೆ ಕಲಿತು, 1816ರಲ್ಲಿ ವೃತ್ತಿ ನಡೆಸುವ ಪರವಾನಗಿಯನ್ನೂ ಪಡೆದ. ಕಾವ್ಯ ಪ್ರಕಟವಾದ ವರ್ಷದ ಕೊನೆಯಲ್ಲಿ ತಮ್ಮನೊಬ್ಬ ಕ್ಷಯದಿಂದ ತೀರಿಕೊಂಡ. 1821ರಲ್ಲಿ, 25ರ ಪ್ರಾಯದಲ್ಲಿ, ಅದೇ ರೋಗದಿಂದ ಕವಿಯೂ ರೋಮ್ ನಗರದಲ್ಲಿ ಕಣ್ಮುಚ್ಚಿದ. ಬಾಳಿನಲ್ಲಿ ಯಾವುದೂ ಉಳಿಯುವುದಿಲ್ಲವೆಂಬುದನ್ನು ಇಷ್ಟು ಹತ್ತಿರದಿಂದ ಕಂಡವನು ಉಳಿಯುವುದೊಂದಿದೆ ಎಂದು ಹೇಳಿದಾಗ, ಆ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಆದರೆ ಸಂತಸ ಉಳಿಯುವುದು ಹೇಗೆ? ಇದನ್ನು ಬಿಡಿಸಿ ತೋರಿಸಿದವನು ವಿಲಿಯಂ ವರ್ಡ್ಸ್‌ವರ್ತ್. 1798ರಲ್ಲಿ ಅವನು ಐದು ವರ್ಷಗಳ ಬಳಿಕ ವೈ ನದಿಯ ಕಣಿವೆಗೆ ಮರಳಿ ಬಂದ. ಆಗ ಬರೆದ 'ಟಿಂಟರ್ನ್ ಅಬ್ಬೆ' ಕವಿತೆಯಲ್ಲಿ, ದೂರದ ಪಟ್ಟಣದ ಗದ್ದಲದಲ್ಲಿ ಒಂಟಿಯಾಗಿದ್ದಾಗಲೂ ಈ ಕಣಿವೆಯ ನೆನಪು ತನ್ನನ್ನು ಕಾಪಾಡಿತೆಂದು ಅವನು ಕೃತಜ್ಞತೆಯಿಂದ ಸ್ಮರಿಸುತ್ತಾನೆ. 1802ರ ಏಪ್ರಿಲ್ 15ರಂದು ಅವನೂ ತಂಗಿ ಡೊರೊಥಿಯೂ ಸರೋವರವೊಂದರ ದಂಡೆಯಲ್ಲಿ ಹಳದಿ ಹೂಗಳ ಸಾಲನ್ನು ಕಂಡರು. ತಂಗಿ ಅದನ್ನು ದಿನಚರಿಯಲ್ಲಿ ಬರೆದಿಟ್ಟಳು. ಅಣ್ಣನ ಪ್ರಸಿದ್ಧ ಕವಿತೆ ಅಚ್ಚಾದದ್ದು 1807ರಲ್ಲಿ. ಕಂಡ ಹೊತ್ತಿನ ಸಂತಸಕ್ಕಿಂತ, ವರ್ಷಗಳ ಮೇಲೆ ಅದು ಮನಸ್ಸಿನಲ್ಲಿ ಮರಳಿ ಅರಳಿದ ಬಗೆಯೇ ಆ ಕವಿತೆಯ ವಸ್ತು. ಕಣಜದ ಕಾಳಿನಂತೆ ಸಂತಸವೂ ಸಂಗ್ರಹವಾಗುತ್ತದೆ, ಬರಗಾಲದಲ್ಲಿ ಒದಗುತ್ತದೆ ಎಂಬುದು ಅವನ ಕಾಣ್ಕೆ.

ಈ ಕಾಣ್ಕೆ ಕನ್ನಡಕ್ಕೆ ಹೊರಗಿನದಾಗಿ ಉಳಿಯಲಿಲ್ಲ. ಬಿ.ಎಂ. ಶ್ರೀಕಂಠಯ್ಯನವರ 'ಇಂಗ್ಲಿಷ್ ಗೀತಗಳು' 1926ರಲ್ಲಿ ಹೊಸ ಕಾವ್ಯಕ್ಕೆ ದಾರಿ ತೆರೆಯಿತು. ಕುವೆಂಪು ಅವರು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಮಗುವಾಗಿ ಕಾಡು, ಗದ್ದೆ, ತೋಟಗಳ ನಡುವೆ ಬೆಳೆದು, ವಿದ್ಯಾಭ್ಯಾಸಕ್ಕಾಗಿ ಮೈಸೂರಿಗೆ ಹೋದರು. ಬದುಕಿನ ಹೆಚ್ಚಿನ ಭಾಗವನ್ನು ಅಲ್ಲಿಯೇ ಕಳೆದರು. 1933ರ 'ಮಲೆನಾಡಿನ ಚಿತ್ರಗಳು' ಕೃತಿಯನ್ನು ಓದುವವರಿಗೆ, ಪಟ್ಟಣದಲ್ಲಿ ನೆಲೆಸಿದ ಒಂದು ಮನಸ್ಸು ಬಾಲ್ಯದ ಮಳೆ, ಬೇಟೆ, ಅಡಿಗೆಮನೆಯ ಬೆಂಕಿಗಳನ್ನು ಎಷ್ಟು ಹಸಿಯಾಗಿ ಉಳಿಸಿಕೊಂಡಿತ್ತೆಂಬುದು ಅರಿವಾಗುತ್ತದೆ. 1994ರಲ್ಲಿ ಅವರ ದೇಹವೂ ಕುಪ್ಪಳಿಯ ಕವಿಶೈಲಕ್ಕೇ ಮರಳಿತು.

ಇಲ್ಲಿಯವರೆಗೆ ರಮ್ಯ ಕವಿಗಳ ಮಾತು ಸರಿಯಾಗಿಯೇ ನಿಲ್ಲುತ್ತದೆ. ಆದರೆ ಅವರು ಹೆಚ್ಚಾಗಿ ಹೇಳದೆ ಬಿಟ್ಟ ಒಂದು ಷರತ್ತು ಇದೆ. ನೆನಪು ಸಂತಸವಾಗಿ ಉಳಿಯಬೇಕಾದರೆ, ನೆನಪಿನ ತಾಣವೂ ಉಳಿದಿರಬೇಕು. ವರ್ಡ್ಸ್‌ವರ್ತ್ ಮರಳಿ ಹೋದಾಗ ಕಣಿವೆ ಅಲ್ಲಿತ್ತು. ಕಾನು ಕಡಿದುಹೋದ ಊರಿನ ಹಿರಿಯರನ್ನು, ಹೊಲಸು ನೀರು ಸೇರಿದ ಹೊಳೆಯ ದಂಡೆಯ ಬೆಸ್ತರನ್ನು ಮಾತಾಡಿಸಿದರೆ ಬೇರೆಯೇ ಸಂಗತಿ ತಿಳಿಯುತ್ತದೆ. ಅವರಿಗೂ ನೆನಪು ಹಸಿಯಾಗಿಯೇ ಇದೆ. ಅದು ಸಂಕಟವಾಗಿ ಉಳಿದಿದೆ. ಚೆಲುವು ಅಳಿದ ಮೇಲೆ ಉಳಿಯುವ ನೆನಪು ಗಾಯದಂತೆ ಕಾಡುತ್ತದೆ.

ಹಾಗಾದರೆ ಚೆಲುವನ್ನು ಉಳಿಸುವವರು ಯಾರು? ಇಲ್ಲಿ ಕವಿಯ ಚರಿತ್ರೆಯೇ ಒಂದು ಪಾಠ ಹೇಳುತ್ತದೆ. ವರ್ಡ್ಸ್‌ವರ್ತ್ ತನ್ನ ಸರೋವರ ಪ್ರಾಂತ್ಯವನ್ನು ಇಡೀ ರಾಷ್ಟ್ರದ ಒಂದು ಬಗೆಯ ಆಸ್ತಿಯೆಂದು ಭಾವಿಸಿದ್ದವನು. ಆದರೂ 1844ರಲ್ಲಿ ಅಲ್ಲಿಗೆ ರೈಲುಮಾರ್ಗದ ಯೋಜನೆ ಬಂದಾಗ ಬಲವಾಗಿ ವಿರೋಧಿಸಿದ. ಗಿರಣಿ ಊರುಗಳ ಕೂಲಿಕಾರರು ಹಿಂಡುಹಿಂಡಾಗಿ ಬಂದರೆ ಪ್ರಾಂತ್ಯದ ಶಾಂತಿ ಕೆಡುತ್ತದೆ, ಅಭಿರುಚಿ ಬೆಳೆಯದ ಅವರಿಗೆ ಇದರಿಂದ ಪ್ರಯೋಜನವೂ ಆಗದು ಎಂಬುದು ಅವನ ವಾದಗಳಲ್ಲಿ ಒಂದು. ರೈಲು ಬಂತು. ಬಳಿಕ 1879ರಲ್ಲಿ, ಹತ್ತಿ ಗಿರಣಿಗಳ ನಗರವಾದ ಮ್ಯಾಂಚೆಸ್ಟರ್ ಅದೇ ಪ್ರಾಂತ್ಯದ ಥರ್ಲ್‌ಮಿಯರ್ ಸರೋವರಕ್ಕೆ ಅಣೆಕಟ್ಟು ಕಟ್ಟಿ ನೀರೊಯ್ಯಲು ಸಂಸತ್ತಿನಿಂದ ಅನುಮತಿ ಪಡೆಯಿತು. ಸುಮಾರು 150 ಕಿಲೋಮೀಟರ್ ದೂರ ಸಾಗಿ 1894ರಲ್ಲಿ ನೀರು ನಗರವನ್ನು ಮುಟ್ಟಿತು. ಯೋಜನೆಯನ್ನು ತಡೆಯಲು ಹೋರಾಡಿದವರು ಸೋತರು. ಆದರೆ ಅಲ್ಲಿ ಎದ್ದ ಪ್ರಶ್ನೆ ಸಾಯಲಿಲ್ಲ. ಸರೋವರ ಪ್ರಾಂತ್ಯದ ರಕ್ಷಣೆಗೆ ದುಡಿದ ಪಾದ್ರಿ ರಾನ್ಸ್ಲೆ ಮತ್ತವನ ಇಬ್ಬರು ಸಂಗಡಿಗರು 1895ರಲ್ಲಿ, ಚೆಲುವಿನ ತಾಣಗಳನ್ನು ಜನರ ಪರವಾಗಿ ಕಾಪಾಡುವ 'ನ್ಯಾಷನಲ್ ಟ್ರಸ್ಟ್' ಸ್ಥಾಪಿಸಿದರು.

ಕವಿಯ ಸಂಶಯಕ್ಕೆ ಪೂರ್ತಿ ಉತ್ತರ ಕೊಟ್ಟವರು ಗಿರಣಿ ಊರಿನವರೇ. 1932ರ ಏಪ್ರಿಲ್ 24ರಂದು, ಮ್ಯಾಂಚೆಸ್ಟರ್ ಸುತ್ತಣ ನೂರಾರು ದುಡಿಯುವ ಯುವಕ ಯುವತಿಯರು, ಜಮೀನುದಾರರು ಬೇಲಿ ಹಾಕಿದ್ದ ಕಿಂಡರ್ ಸ್ಕೌಟ್ ಬೆಟ್ಟವನ್ನು ನಿಷೇಧ ಮೀರಿ ಏರಿದರು. ಐವರು ಸೆರೆಮನೆ ಸೇರಿದರು. ಆದರೆ ಬೆಟ್ಟಗಳಲ್ಲಿ ನಡೆದಾಡುವ ಹಕ್ಕಿನ ಬೇಡಿಕೆಗೆ ಅದರಿಂದ ಬಲ ಬಂತು. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾನೂನು ಆಯಿತು. 1951ರಲ್ಲಿ ಕಿಂಡರ್ ಸ್ಕೌಟ್ ಇರುವ ಪ್ರಾಂತ್ಯವೂ ವರ್ಡ್ಸ್‌ವರ್ತನ ಪ್ರಾಂತ್ಯವೂ ರಾಷ್ಟ್ರೀಯ ಉದ್ಯಾನಗಳಾದವು. ಅಭಿರುಚಿಯಿಲ್ಲವೆಂದು ಕವಿ ದೂರವಿಡಬಯಸಿದ ಜನವರ್ಗವೇ ಮುಂದೆ ಚೆಲುವಿನ ಕಾವಲಿಗೆ ನಿಂತಿತು.

ಈ ಕಥೆಯನ್ನು ದಾವಣಗೆರೆಯಲ್ಲಿ ಹೇಳಲು ಕಾರಣವಿದೆ. ಕಳೆದ ಶತಮಾನದಲ್ಲಿ ಹತ್ತಿ ಗಿರಣಿಗಳಿಂದಾಗಿ ಈ ಊರು 'ಕರ್ನಾಟಕದ ಮ್ಯಾಂಚೆಸ್ಟರ್' ಎನಿಸಿಕೊಂಡಿತ್ತು. ಗಿರಣಿಗಳ ಕಾಲ ಮುಗಿದರೂ ಹೋಲಿಕೆ ಮುಗಿದಿಲ್ಲ. ಈ ನಗರವೂ ಬೆಟ್ಟದ ನೀರಿನಿಂದಲೇ ಬದುಕುತ್ತದೆ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 650 ಮಿಲಿಮೀಟರಿನಷ್ಟು. ಆಗುಂಬೆಯಲ್ಲಿ 7,000 ಮಿಲಿಮೀಟರನ್ನೂ ಮೀರುತ್ತದೆ. ತುಂಗೆ ಮತ್ತು ಭದ್ರೆ ವರಾಹ ಪರ್ವತದ ಗಂಗಾಮೂಲದಲ್ಲಿ ಹುಟ್ಟಿ, ಕೂಡ್ಲಿಯಲ್ಲಿ ಸೇರಿ, ಹರಿಹರದ ಮಗ್ಗುಲಲ್ಲಿ ಹರಿಯುತ್ತವೆ. ರಾಜನಹಳ್ಳಿಯಲ್ಲಿ ಎತ್ತಿದ ಹೊಳೆಯ ನೀರು, ಭದ್ರಾ ನಾಲೆಯಿಂದ ಕುಂದವಾಡ ಕೆರೆಗೆ ತುಂಬಿದ ನೀರು ನಗರದ ನಲ್ಲಿಗಳಿಗೆ ಬರುತ್ತದೆ. ಸುತ್ತಣ ಭತ್ತದ ಗದ್ದೆಗಳ ಜೀವವೂ ಅದೇ ನಾಲೆ.

ಘಟ್ಟದ ಮಳೆಯನ್ನು ಕಾಡು ಸೃಷ್ಟಿಸುವುದಿಲ್ಲ. ಅರಬ್ಬೀ ಸಮುದ್ರದ ಮೋಡಗಳನ್ನು ಬೆಟ್ಟಸಾಲು ತಡೆದು ನಿಲ್ಲಿಸುವುದರಿಂದ ಅದು ಸುರಿಯುತ್ತದೆ. ಕಾಡಿನ ಕೆಲಸ ಸುರಿದ ನೀರನ್ನು ನಿಭಾಯಿಸುವುದು. ಎತ್ತರದ ಮರ, ಕೆಳಗಿನ ಗಿಡ, ಅದರ ಕೆಳಗಿನ ಪೊದೆಗಳ ಮೇಲೆ ಬಿದ್ದು ಹನಿಯ ಪೆಟ್ಟು ತಗ್ಗುತ್ತದೆ. ತರಗೆಲೆಯ ಹಾಸು ಅದನ್ನು ಹೀರುತ್ತದೆ. ಎರೆಹುಳು, ಗೆದ್ದಲುಗಳು ಕೊರೆದ ದಾರಿಗಳಲ್ಲಿ, ಸತ್ತ ಬೇರುಗಳು ಬಿಟ್ಟ ಕೊಳವೆಗಳಲ್ಲಿ ನೀರು ಇಳಿಯುತ್ತದೆ. ಮಳೆ ನಿಂತ ತಿಂಗಳುಗಳ ಮೇಲೂ ಒರತೆಯಾಗಿ ಜಿನುಗುತ್ತದೆ. ಬೋಳಾದ ಇಳಿಜಾರಿನಲ್ಲಿ ಹನಿ ನೇರವಾಗಿ ಮಣ್ಣಿಗೆ ಬಡಿದು, ನುಣುಪು ಕಣಗಳು ನೆಲದ ರಂಧ್ರಗಳನ್ನು ಮುಚ್ಚುತ್ತವೆ; ನೀರು ಮೇಲ್ಮೈಯಲ್ಲೇ ಓಡಿ ಹೂಳನ್ನು ಹೊತ್ತೊಯ್ಯುತ್ತದೆ. ಹಸುರು ಕಾನನ್ನು ಕಂಡು ಕಣ್ಣು ತಣಿಯುವುದು, ಮಾಘಮಾಸದಲ್ಲಿ ಹಳ್ಳದಲ್ಲಿ ನೀರಿರುವುದು, ಇವೆರಡೂ ಒಂದೇ ಕಾಡಿನ ಫಲ.

ಭದ್ರೆಯ ಉಗಮದ ಸೀಮೆಯಲ್ಲಿ ಇದರ ಪರೀಕ್ಷೆಯೇ ನಡೆಯಿತು. ಕುದುರೆಮುಖದ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಲ್ಲಬೇಕೆಂದು ಪರಿಸರಾಸಕ್ತರು ವರ್ಷಗಟ್ಟಲೆ ಹೋರಾಡಿದರು. ಶೋಲಾ ಕಾಡು ಮತ್ತು ಹುಲ್ಲುಗಾವಲುಗಳ ನಾಶ, ಭದ್ರೆಗೆ ಇಳಿಯುವ ಹೂಳು ಅವರ ಮುಖ್ಯ ವಾದಗಳಾಗಿದ್ದವು. ಸುಪ್ರೀಂ ಕೋರ್ಟು 2002ರಲ್ಲಿ ನೀಡಿದ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಅದರಿಂದ ಅನೇಕ ಕುಟುಂಬಗಳ ದುಡಿಮೆಗೆ ಹೊಡೆತ ಬಿತ್ತೆಂಬುದನ್ನು ಮರೆಯಬಾರದು. ಚೆಲುವನ್ನು ಉಳಿಸುವ ಬೆಲೆಯನ್ನು ಬಡವರೇ ತೆರುವಂತಾಗಬಾರದು. ಆದರೆ ನಾಲೆಯ ಕೊನೆಯಂಚಿನ ರೈತನಿಗೂ ಬೆಟ್ಟದ ತುದಿಯ ಹುಲ್ಲಿಗೂ ನಂಟಿದೆಯೆಂಬ ಸತ್ಯ ಅಂದು ಹಲವರಿಗೆ ಮನದಟ್ಟಾಯಿತು. 2024ರ ನವೆಂಬರಿನಲ್ಲಿ ನಿರ್ಮಲ ತುಂಗಭದ್ರಾ ಅಭಿಯಾನದ ಪಾದಯಾತ್ರೆ ಶೃಂಗೇರಿಯಿಂದ ಹೊರಟು ಹೊಳೆಗುಂಟ ಸಾಗಿದ್ದರ ಹಿಂದೆಯೂ ಇದೇ ಅರಿವಿದೆ.

ವಿಜ್ಞಾನದ ಇಂಥ ವಿವರಣೆಯಿಂದ ಚೆಲುವಿನ ಮೋಡಿ ಕರಗೀತೆಂಬ ಅಳುಕು ಕೀಟ್ಸನಿಗಿತ್ತು. 1820ರ 'ಲೇಮಿಯ' ಕಾವ್ಯದಲ್ಲಿ, ಕಾಮನಬಿಲ್ಲು ಪಟ್ಟಿಯಲ್ಲಿ ಸೇರಿದ ಮಾಮೂಲಿ ವಸ್ತುವಾಯಿತೆಂದು ಅವನು ನೊಂದುಕೊಂಡ. ಕನ್ನಡದಲ್ಲಿ ಈ ಅಳುಕಿಗೆ ಉತ್ತರ ಪೂರ್ಣಚಂದ್ರ ತೇಜಸ್ವಿಯವರ ಬರಹದಲ್ಲಿ ಸಿಗುತ್ತದೆ. ಅವರ 'ಕರ್ವಾಲೊ' ಕಾದಂಬರಿಯಲ್ಲಿ ವಿಜ್ಞಾನಿಯೂ ಜೇನು ಹಿಡಿಯುವ ಮಂದಣ್ಣನೂ ಜೊತೆಗೂಡಿ ಹಾರುವ ಓತಿಯನ್ನು ಹುಡುಕಿ ಕಾಡಿಗೆ ನುಗ್ಗುತ್ತಾರೆ. ತಿಳಿದಷ್ಟೂ ಅವರ ಬೆರಗು ಹೆಚ್ಚುತ್ತಲೇ ಹೋಗುತ್ತದೆ. ಹಿಡಿಮಣ್ಣಿನಲ್ಲಿ ಲೆಕ್ಕಕ್ಕೆ ಸಿಗದಷ್ಟು ಸೂಕ್ಷ್ಮಜೀವಿಗಳಿವೆಯೆಂದು ತಿಳಿದವನಿಗೆ ಮಳೆ ಬಿದ್ದ ನೆಲದ ವಾಸನೆ ಕಡಿಮೆ ಹಿತವಾಗುವುದಿಲ್ಲ. ಅದು ನೆಲದ ಜೀವಿಗಳದೇ ಕೊಡುಗೆಯೆಂದು ತಿಳಿದರೆ ಹಿತ ಇನ್ನಷ್ಟು ಗಾಢವಾಗುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆಯಿದೆ: ಚೆಲುವೆಂದರೆ ಜಲಪಾತ, ಶಿಖರ, ದೂರದ ಪ್ರವಾಸ. ಕೀಟ್ಸನೇ ಇದಕ್ಕೆ ಸಾಕ್ಷಿ ನುಡಿಯಬಲ್ಲ. 1819ರ ಸೆಪ್ಟೆಂಬರಿನಲ್ಲಿ ವಿಂಚೆಸ್ಟರ್ ಊರಿನ ಹೊರವಲಯದಲ್ಲಿ ನಡೆದುಹೋಗುವಾಗ ಅವನ ಮನಸ್ಸನ್ನು ಹಿಡಿದದ್ದು ಕೊಯ್ಲಾದ ಹೊಲ, ಕೂಳೆ ಉಳಿದ ಬಯಲು. ಶರತ್ಕಾಲವನ್ನು ಕುರಿತ ಅವನ ಶ್ರೇಷ್ಠ ಕವಿತೆ ಅಲ್ಲಿಂದ ಹುಟ್ಟಿತು. ಅಂಥ ಬಯಲು ದಾವಣಗೆರೆಯ ಸುತ್ತಲೂ ಇದೆ. ಭತ್ತ ಕೊಯ್ದ ಗದ್ದೆಯಲ್ಲಿ ಬೆಳ್ಳಕ್ಕಿಗಳು ಇಳಿಯುವ ಸಂಜೆಯನ್ನು ನೋಡಲು ಟಿಕೆಟ್ಟು ಬೇಡ. ಆ ಕೂಳೆಗೆ ಬೆಂಕಿಯಿಟ್ಟರೆ ಮಣ್ಣಿನ ಸಾವಯವ ಅಂಶ ಸೇರಬೇಕಾದ್ದು ಹೊಗೆಯಾಗಿ ಹೋಗುತ್ತದೆ. ಹಕ್ಕಿಯ ಆಹಾರವೂ ಹೋಗುತ್ತದೆ, ಸಂಜೆಯ ನೋಟವೂ ಹೋಗುತ್ತದೆ.

ದೇವರಾಜ ಅರಸು ಬಡಾವಣೆಯಂಥ ಬಡಾವಣೆಯಲ್ಲಿ ಬೆಳೆಯುವ ಮಗುವಿಗೆ ಕುಪ್ಪಳಿಯ ಬಾಲ್ಯ ದೊರೆಯಲಾರದು. ಆದರೆ ಕುಂದವಾಡ ಕೆರೆಯ ಏರಿಯಿದೆ, ಅಲ್ಲಿಗೆ ಬರುವ ನೀರಹಕ್ಕಿಗಳಿವೆ. ಕೊಂಡಜ್ಜಿಯ ಗುಡ್ಡವೂ ಕೆರೆಯೂ ಇವೆ. ಹರಿಹರದಲ್ಲಿ 13ನೆಯ ಶತಮಾನದ ಹರಿಹರೇಶ್ವರ ದೇವಾಲಯದ ಹತ್ತಿರವೇ ಹರಿಯುವ ಹೊಳೆಯಿದೆ. ಬೀದಿಯ ಹೊಂಗೆ ಚೈತ್ರದಲ್ಲಿ ಚಿಗುರುತ್ತದೆ. ಒಂದು ಮಗು ವರ್ಷದುದ್ದಕ್ಕೂ ಒಂದೇ ಮರವನ್ನು ಗಮನಿಸಿದರೆ, ಎಲೆ ಉದುರಿದ್ದು, ಹೂ ಬಿಟ್ಟದ್ದು, ಯಾವ ಹಕ್ಕಿ ಬಂತೆಂಬುದನ್ನು ಡೊರೊಥಿಯಂತೆ ದಿನಚರಿಯಲ್ಲಿ ಬರೆದಿಟ್ಟರೆ, ಅದರ ಕಣಜಕ್ಕೆ ಕಾಳು ಬಿದ್ದಂತಾಯಿತು. ಮುಂದೆ ಯಾವ ದೇಶದಲ್ಲಿ ನೆಲೆಸಿದರೂ ಆ ಮರ ಅದರೊಂದಿಗಿರುತ್ತದೆ. ಆ ಮರಕ್ಕೆ ಕೊಡಲಿ ಬಂದ ದಿನ ಅಡ್ಡ ನಿಲ್ಲುವವರಲ್ಲಿ ಆ ಮಗುವೂ ಇರುತ್ತದೆ.

ಆದ್ದರಿಂದ ಬಡಾವಣೆಯ ಹಿರಿಯರು, ಶಾಲೆಯ ಅಧ್ಯಾಪಕರು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ತಿಂಗಳಿಗೊಮ್ಮೆ ಮಕ್ಕಳನ್ನು ಕೆರೆಯ ಏರಿಗೆ ಕರೆದೊಯ್ಯಲಿ. ವರ್ಷಕ್ಕೊಮ್ಮೆ ಹರಿಹರದ ಹೊಳೆಯನ್ನು ತೋರಿಸಿ, ಅದು ಎಲ್ಲಿಂದ ಬಂತೆಂದು ಹೇಳಲಿ. ಸಾಧ್ಯವಾದಾಗ ಅದರ ಉಗಮದ ಸೀಮೆಗೂ ಕರೆತರಲಿ. ಮಲೆನಾಡಿನವರೂ ಬಯಲಿನವರನ್ನು ಕಸ ಚೆಲ್ಲುವ ಪ್ರವಾಸಿಗಳೆಂದು ಮಾತ್ರ ಕಾಣದೆ, ಹೊಳೆಯ ಇನ್ನೊಂದು ದಡದ ನೆಂಟರೆಂದು ಬರಮಾಡಿಕೊಳ್ಳಬೇಕು. ಘಟ್ಟದ ಕಾನನ್ನು ಘಟ್ಟದ ಕೆಲವೇ ಊರುಗಳ ಜನ ಉಳಿಸಲಾರರು. ಅದರ ನೀರು ಕುಡಿಯುವ ಲಕ್ಷಾಂತರ ಮಂದಿಗೆ ಅದು ತಮ್ಮದೆನಿಸಿದಾಗ ಅದು ಉಳಿದೀತು. ಕವಿಗಳು ಹೇಳಿದ ಅಳಿಯದ ಸಂತಸವೂ ಆಗ ಮುಂದಿನವರ ಪಾಲಿಗೆ ಉಳಿದೀತು.