ಮಂಚದ ಕಾಲ್ದೆಸೆಯ ಚಾರ್ಟು

ವಾರ್ಡಿನಲ್ಲಿ ರೋಗಿಯ ಕಾಲ್ದೆಸೆಯಲ್ಲಿ ತೂಗುವ ಚಾರ್ಟನ್ನು ನೀವು ಕಂಡಿರುತ್ತೀರಿ. ಜ್ವರ, ನಾಡಿ, ಉಸಿರು, ಬಿ.ಪಿ. ಇವನ್ನು ಪಾಳಿಯ ಮೇಲೆ ಬರುವ ನರ್ಸುಗಳು ಅದರಲ್ಲಿ ತುಂಬಿಸುತ್ತಾರೆ. ಇದೊಂದು ಗುಮಾಸ್ತಿಕೆ, ನಿಜವಾದ ಚಿಕಿತ್ಸೆ ಡಾಕ್ಟರದ್ದು ಎಂದುಕೊಳ್ಳುವವರೇ ಬಹಳ. ರೋಗಿಯನ್ನು ಅಪಾಯದಿಂದ ಕಾಯುವ ವಿದ್ಯೆಗೆ ಈ ನೋಡಿ ಬರೆಯುವ ಕೆಲಸವೇ ತಳಹದಿ ಎನ್ನುವುದು ನನ್ನ ವಾದ.

1854ರ ನವೆಂಬರಿನಲ್ಲಿ ಬ್ರಿಟಿಷ್ ನರ್ಸ್ ಫ್ಲಾರೆನ್ಸ್ ನೈಟಿಂಗೇಲ್ 38 ಮಹಿಳೆಯರೊಂದಿಗೆ ಇಸ್ತಾಂಬುಲ್ ಬಳಿಯ ಸ್ಕುಟಾರಿಯ ಸೇನಾ ಆಸ್ಪತ್ರೆಗೆ ಬಂದರು. ಆ ಚಳಿಗಾಲದಲ್ಲಿ ಸೈನಿಕರು ಗಾಯಗಳಿಗಿಂತ ಹೆಚ್ಚಾಗಿ ಭೇದಿ, ಕಾಲರಾ, ವಿಷಮಜ್ವರಗಳಿಂದ ಸತ್ತರು. ಸಾವು ಇಳಿದದ್ದು 1855ರಲ್ಲಿ ಬಂದ ನೈರ್ಮಲ್ಯ ಆಯೋಗ ಚರಂಡಿ ಶುಚಿಮಾಡಿಸಿದ್ದರಿಂದಲ್ಲವೇ, ಆಕೆಗೇಕೆ ಹೆಗ್ಗಳಿಕೆ ಎಂದು ಕೇಳುವವರಿದ್ದಾರೆ. ಆಕ್ಷೇಪದಲ್ಲಿ ಹುರುಳಿದೆ. ಆದರೆ ಯಾವ ತಿಂಗಳು ಯಾವ ಕಾರಣಕ್ಕೆ ಎಷ್ಟು ಜನ ಸತ್ತರು ಎಂಬ ಲೆಕ್ಕವನ್ನು 1858ರಲ್ಲಿ ಬಣ್ಣದ ಚಿತ್ರವಾಗಿ ಅಧಿಕಾರಿಗಳ ಮುಂದಿಟ್ಟವರು ಆಕೆಯೇ. ಆಮೇಲೆ ಬರೆದ ಶುಶ್ರೂಷೆಯ ಕೈಪಿಡಿಯಲ್ಲಿ ರೋಗಿಯನ್ನು ಗಮನಿಸುವುದಕ್ಕೇ ಒಂದು ಅಧ್ಯಾಯ ಮೀಸಲಿಟ್ಟರು. ರಾತ್ರಿ ಚೆನ್ನಾಗಿ ನಿದ್ದೆ ಬಂತೇ ಎಂದು ಕೇಳಬಾರದು. ಎಷ್ಟು ಗಂಟೆ, ಯಾವ ಹೊತ್ತಿನಲ್ಲಿ ಬಂತು ಎಂದು ಕೇಳಬೇಕು ಎನ್ನುವುದು ಆಕೆಯ ಪಾಠ. ಚೆನ್ನಾಗಿ ಎಂಬ ಉತ್ತರದಲ್ಲಿ ರೋಗಿಯ ಸೌಜನ್ಯ ಇರಬಹುದು, ಅವನ ಸ್ಥಿತಿ ಇರುವುದಿಲ್ಲ. ಈ ಒಂದು ವಿವೇಕಕ್ಕಾಗಿ ಆಕೆಗೆ ನಾವು ಋಣಿಗಳು.

ಹೀಗೆ ಗಮನಿಸುವುದನ್ನು ಅಳೆದು ಬರೆಯಲು ಬೇಕಾದ ಉಪಕರಣಗಳು ಕೈಗೆ ಬಂದದ್ದು ನಿಧಾನವಾಗಿ. ಲೈಪ್ಜಿಗ್‌ನ ವುಂಡರ್‌ಲಿಖ್ ಎಂಬ ವೈದ್ಯರು ಸಾವಿರಾರು ರೋಗಿಗಳ ಮೈಶಾಖವನ್ನು ಅಳೆಸಿ 1868ರಲ್ಲಿ ಅದರ ಕುರಿತ ತಮ್ಮ ಗ್ರಂಥ ಹೊರತಂದರು. ಸುಮಾರು ಒಂದು ಅಡಿ ಉದ್ದದ ಹಳೆಯ ಥರ್ಮಾಮೀಟರಿಗೆ ಹದಿನೈದು ಇಪ್ಪತ್ತು ನಿಮಿಷ ಬೇಕಿತ್ತು. ಅದೇ ದಶಕದಲ್ಲಿ ಇಂಗ್ಲೆಂಡಿನ ವೈದ್ಯ ಆಲ್ಬಟ್ ಮಾಡಿದ ಆರು ಇಂಚಿನದು ಐದೇ ನಿಮಿಷದಲ್ಲಿ ಶಾಖ ತೋರಿಸಿತು. ಬಿ.ಪಿ. ಅಳೆಯುವ ಪಟ್ಟಿ 1896ರಲ್ಲಿ ಇಟಲಿಯಲ್ಲಿ ಬಂತು.

ಈಗ ಎಲ್ಲವನ್ನೂ ಮಾನಿಟರ್ ತೋರಿಸುತ್ತದೆ, ನರ್ಸ್ ಎಣಿಸಬೇಕೇಕೆ ಎನ್ನುವುದು ಇಂದಿನ ಆಕ್ಷೇಪ. ಉಸಿರನ್ನೇ ನೋಡಿ. ಆರೋಗ್ಯವಂತ ವಯಸ್ಕರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಸೋಂಕು ಏರುತ್ತಿರುವ ರೋಗಿಯಲ್ಲಿ ಅದು 16, 20, 24 ಎಂದು ಮೇಲೇರುತ್ತಿದ್ದರೂ ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ 97 ಎಂದೇ ತೋರಿಸುತ್ತಿರಬಹುದು; ದೇಹ ಜೋರಾಗಿ ಉಸಿರೆಳೆದೇ ಆಮ್ಲಜನಕವನ್ನು ಸರಿದೂಗಿಸುತ್ತಿರುತ್ತದೆ. ಎಣಿಸುತ್ತಿದ್ದಾರೆಂದು ಗೊತ್ತಾದರೆ ರೋಗಿಯ ಉಸಿರಿನ ಲಯವೇ ಬದಲಾಗುತ್ತದೆ. ಅದಕ್ಕೇ ಅನುಭವಿ ನರ್ಸ್ ನಾಡಿ ಹಿಡಿದವರಂತೆ ಮಣಿಕಟ್ಟಿನ ಮೇಲೆ ಬೆರಳಿಟ್ಟು, ಕಣ್ಣನ್ನು ಎದೆಯ ಮೇಲಿಟ್ಟು, ಪೂರ್ತಿ ಒಂದು ನಿಮಿಷ ಎಣಿಸುತ್ತಾರೆ. 2012ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ ಹೊರತಂದ ಮುನ್ನೆಚ್ಚರಿಕೆಯ ಅಂಕಪದ್ಧತಿಯಲ್ಲಿ ಉಸಿರು 25 ಮುಟ್ಟಿದರೆ ಅದೊಂದಕ್ಕೇ ಮೂರು ಅಂಕ. ಅಷ್ಟು ಅಂಕ ಬಂದರೆ ವೈದ್ಯರು ತಡಮಾಡದೆ ಬಂದು ನೋಡಬೇಕು. ಎಣಿಸದೆ ಅಂದಾಜಿನಲ್ಲಿ 18 ಎಂದು ಬರೆದರೆ ವೈದ್ಯರಿಗೆ ಕರೆಯೇ ಹೋಗುವುದಿಲ್ಲ.

ಒಬ್ಬ ನರ್ಸಿನ ಪಾಲಿಗೆ ಅಷ್ಟೊಂದು ರೋಗಿಗಳಿರುವಾಗ ಒಂದು ನಿಮಿಷ ಎಲ್ಲಿಂದ ತರುವುದು ಎನ್ನುವ ಮಾತು ಸುಳ್ಳಲ್ಲ. ಇಪ್ಪತ್ತು ರೋಗಿಗಳ ಉಸಿರೆಣಿಸಲೇ ಇಪ್ಪತ್ತು ನಿಮಿಷ ಬೇಕು, ಅದೂ ದಿನಕ್ಕೆ ಹಲವು ಸಲ. ಆದರೆ ಅದು ಎಣಿಕೆಯನ್ನು ಬಿಡಲು ಕಾರಣವಾಗದು. ಪ್ರತಿ ಪಾಳಿಗೆ ಎಷ್ಟು ನರ್ಸುಗಳು ಬೇಕೆಂದು ತೀರ್ಮಾನಿಸುವವರು ಹಾಸಿಗೆಗಳ ಜೊತೆಗೆ ಈ ನಿಮಿಷಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.