ಮನೆ ಯಾರದು, ಚಿತ್ರ ಯಾರದು



1929ರಲ್ಲಿ ಬಾರ್ಸಿಲೋನಾದಲ್ಲಿ ನಡೆದ ಅಂತರರಾಷ್ಟ್ರೀಯ ಪ್ರದರ್ಶನಕ್ಕೆ ಜರ್ಮನಿ ಒಂದು ಮಂಟಪ ಕಟ್ಟಿಸಿತು. ಮೀಸ್ ವಾನ್ ಡೆರ್ ರೋಹ್ ಮತ್ತು ಲಿಲ್ಲಿ ರೈಖ್ ಅವರ ವಿನ್ಯಾಸ. ಅದು ನಿಂತಿದ್ದು ಒಂದು ವರ್ಷಕ್ಕಿಂತ ಕಡಿಮೆ. 1930ರಲ್ಲಿ ಬಿಚ್ಚಿ ಹಾಕಿದರು. ಅದೇ ಜಾಗದಲ್ಲಿ ಅದನ್ನು ಮತ್ತೆ ಕಟ್ಟಿ ಮುಗಿಸಿದ್ದು 1986ರಲ್ಲಿ. ನಡುವಿನ ಅರ್ಧ ಶತಮಾನ ಜಗತ್ತಿನ ವಾಸ್ತುಶಿಲ್ಪ ಶಾಲೆಗಳು ಆ ಮಂಟಪದ ಪಾಠ ಹೇಳಿದವು. ವಿದ್ಯಾರ್ಥಿಗಳು ಅದನ್ನು ಆರಾಧಿಸಿದರು, ಅನುಕರಿಸಿದರು. ಅವರ ಕೈಗೆ ಸಿಕ್ಕಿದ್ದು ನಕ್ಷೆಗಳು ಮತ್ತು ಒಂದಿಷ್ಟು ಕಪ್ಪು-ಬಿಳುಪು ಚಿತ್ರಗಳು. ಓನಿಕ್ಸ್ ಗೋಡೆಯ ಹೊಂಬಣ್ಣ, ಅಮೃತಶಿಲೆಯ ಹಸಿರು, ಎರಡೂ ಆ ಚಿತ್ರಗಳಲ್ಲಿ ಬರೀ ಬೂದು. ಆದರೂ ಅವೇ ಆ ಕಟ್ಟಡವನ್ನು ಬದುಕಿಸಿದವು.

ಒಳಾಂಗಣ ವಿನ್ಯಾಸಕರಾದ ನಮ್ಮ ಕೆಲಸದ ಆಯುಸ್ಸೂ ಹೆಚ್ಚೇನಲ್ಲ. ಹೋಟೆಲಿನ ಒಳಾಂಗಣ ಮಾಲೀಕರ ಮನಸ್ಸು ಬದಲಾದಾಗ ಬದಲಾಗುತ್ತದೆ, ಬಾಡಿಗೆ ಕಚೇರಿಯನ್ನು ಕರಾರು ಮುಗಿದ ದಿನ ಕಿತ್ತು ಹಾಕುತ್ತಾರೆ, ಮನೆಯಲ್ಲಿ ಗೃಹಪ್ರವೇಶದ ಮರುವಾರವೇ ಕುರ್ಚಿಯ ಬೆನ್ನಿಗೆ ಟವೆಲ್ ಬೀಳುತ್ತದೆ. (ಬೀಳಲಿ ಬಿಡಿ, ಮನೆ ಇರುವುದು ಅದಕ್ಕೇ.) ಹೀಗಿದ್ದೂ ಛಾಯಾಗ್ರಹಣಕ್ಕೆ ನಾವು ಎತ್ತಿಡುವುದು ಬಜೆಟ್ಟಿನಲ್ಲಿ ಕೊನೆಗೆ ಮಿಕ್ಕ ಚಿಲ್ಲರೆ. ಬಾಗಿಲ ಹಿಡಿಕೆಗಾಗಿ ಊರೆಲ್ಲ ಅಲೆಯುವ ನಾವು ಛಾಯಾಗ್ರಾಹಕರನ್ನು ಇನ್‌ಸ್ಟಾಗ್ರಾಮಿನಲ್ಲಿ ಬೆರಳಾಡಿಸಿ ಆರಿಸುತ್ತೇವೆ. ಇಂದು ನಾನು ಹೇಳಬೇಕಾದ ಮಾತು ಇಷ್ಟೇ: ಚಿತ್ರ ಯಾತಕ್ಕೆ, ಯಾರಿಗೆ, ಎಷ್ಟು ಕಾಲಕ್ಕೆ ಎಂಬುದು ಕ್ಯಾಮೆರಾ ಚೀಲದಿಂದ ಹೊರಬರುವ ಮುನ್ನವೇ ಕಾಗದದ ಮೇಲೆ ತೀರ್ಮಾನವಾಗಿರಬೇಕು.

ಛಾಯಾಗ್ರಾಹಕರ ಆಯ್ಕೆಯ ವಿಷಯ ಮೊದಲು. ಯಾರೇ ಆಗಲಿ, ತಮ್ಮ ಅತ್ಯುತ್ತಮ ಹತ್ತು ಚಿತ್ರ ತೋರಿಸುತ್ತಾರೆ. ನೀವು ಒಂದೇ ಮನೆಯ ಎಲ್ಲ ಚಿತ್ರಗಳನ್ನೂ ಕೇಳಿ ನೋಡಿ. ಹಾಲ್ ಎಲ್ಲರಿಗೂ ಒಲಿಯುತ್ತದೆ; ಇಕ್ಕಟ್ಟಾದ ಬಚ್ಚಲುಮನೆ, ಕತ್ತಲೆಯ ಮೆಟ್ಟಿಲು ಹೇಗೆ ಬಂದಿವೆ ನೋಡಿ. ಗೋಡೆಯ ಅಂಚುಗಳು ನೆಟ್ಟಗಿವೆಯೇ? ಕಿಟಕಿಯಾಚೆ ಮರ ಕಾಣುತ್ತಿದೆಯೋ, ಬಿಳಿ ಬೆಂಕಿ ಹೊತ್ತಿದೆಯೋ? ಬಿಳಿ ಸೀಲಿಂಗ್ ಒಂದು ಮೂಲೆಯಲ್ಲಿ ನೀಲಿ, ಇನ್ನೊಂದು ಮೂಲೆಯಲ್ಲಿ ಹಳದಿ ಆಗಿದ್ದರೆ ಆ ವ್ಯಕ್ತಿಗೆ ಬೆಳಕಿನ ಲೆಕ್ಕ ಇನ್ನೂ ಸಿಕ್ಕಿಲ್ಲ. ನಡುಹಗಲ ಬೆಳಕು ಸುಮಾರು 5500 ಕೆಲ್ವಿನ್, ನಾವು ಮನೆಗೆ ಹಾಕುವ ಬೆಚ್ಚನೆಯ ದೀಪ 2700ರಿಂದ 3000. ನಮ್ಮ ಕಣ್ಣು ಎರಡನ್ನೂ ಹೊಂದಿಸಿಕೊಳ್ಳುತ್ತದೆ, ಸೆನ್ಸರ್‌ಗೆ ಆ ದಾಕ್ಷಿಣ್ಯವಿಲ್ಲ. ಕೆಲವರು ದೀಪಗಳನ್ನೆಲ್ಲ ಆರಿಸಿಯೇ ತೆಗೆಯುತ್ತಾರೆ. ಇನ್ನು ಕೆಲವರು ಟ್ರೈಪಾಡ್ ಅಲುಗಿಸದೆ ಬೇರೆ ಬೇರೆ ಎಕ್ಸ್‌ಪೋಷರ್‌ಗಳನ್ನು ತೆಗೆದು ಆಮೇಲೆ ಬೆಸೆಯುತ್ತಾರೆ. ನಿಮ್ಮ ವಿನ್ಯಾಸದ ಜೀವ ದೀಪಗಳಲ್ಲೇ ಇದ್ದರೆ ಮೊದಲನೆಯ ಪಂಥದವರು ನಿಮಗೆ ಆಗಿಬರುವುದಿಲ್ಲ.

ವೈಡ್ ಆಂಗಲ್ ಬಗ್ಗೆ ನನ್ನ ನಿಲುವು ಸ್ವಲ್ಪ ಬಿಗಿ. ಹತ್ತು ಹನ್ನೆರಡು ಅಡಿಯ ಮಲಗುವ ಕೋಣೆಯನ್ನು 16 ಮಿ.ಮೀ. ಲೆನ್ಸ್ ಕಲ್ಯಾಣ ಮಂಟಪ ಮಾಡಿಬಿಡುತ್ತದೆ. ಅದನ್ನು ನೋಡಿ ಬಂದ ಹೊಸ ಗಿರಾಕಿ ಕೋಣೆಗೆ ಕಾಲಿಟ್ಟ ಕೂಡಲೇ ನಿಮ್ಮ ಮೇಲೆ ನಂಬಿಕೆ ಕಳೆದುಕೊಳ್ಳುತ್ತಾನೆ. 24 ಮಿ.ಮೀ. ಟಿಲ್ಟ್-ಶಿಫ್ಟ್ ಲೆನ್ಸ್ ಇಟ್ಟುಕೊಂಡು, ಕ್ಯಾಮೆರಾವನ್ನು ಎದೆಮಟ್ಟಕ್ಕೋ ಇನ್ನೂ ಕೆಳಕ್ಕೋ ಇಳಿಸಿ, ಕೋಣೆಯ ಒಂದು ಭಾಗವನ್ನಷ್ಟೇ ತೋರಿಸುವವರಿಗೆ ನಾನು ಹೆಚ್ಚು ಸಂಭಾವನೆ ಕೊಟ್ಟೇನು.

ಚಿತ್ರೀಕರಣಕ್ಕೆ ಮುನ್ನ ಒಮ್ಮೆಯಾದರೂ ಛಾಯಾಗ್ರಾಹಕರು ಮನೆಯನ್ನು ನೋಡಿರಬೇಕು, ಆ ಭೇಟಿಗೆ ನೀವು ಹಣ ಕೊಡಬೇಕು. ಪೂರ್ವದ ಹಾಲ್‌ಗೆ ಬೆಳಗು, ಪಶ್ಚಿಮದ ಬಾಲ್ಕನಿಗೆ ಸಂಜೆ ಎಂಬ ಲೆಕ್ಕ ಆಗಲೇ ಆಗಬೇಕು. ಮಳೆಗಾಲವೆಂದು ಮುಂದೂಡುವವರಿದ್ದಾರೆ, ಮೋಡದ ಮೆದು ಬೆಳಕು ಒಳಾಂಗಣಕ್ಕೆ ಎಷ್ಟೋ ಸಲ ವರವೇ. ಫ್ಯಾನ್ ನಿಲ್ಲಿಸಿದಾಗಲೇ ಅದರ ರೆಕ್ಕೆಯ ಧೂಳು ಕಾಣುವುದು, ಹಿಂದಿನ ದಿನವೇ ಒರೆಸಿಡಿ. ಹೊಳಪು ಗ್ರಾನೈಟಿನ ಮೇಲೆ ಕಿಟಕಿಯ ಗ್ರಿಲ್ ಅಚ್ಚೊತ್ತಿ ಕೂತಿರುತ್ತದೆ, ಪೋಲರೈಸರ್ ಅದನ್ನು ಸ್ವಲ್ಪ ತಗ್ಗಿಸೀತು. ಇಡೀ ದಿನ ದುಡಿದರೂ ನಿಜಕ್ಕೂ ನಿಲ್ಲುವ ಚಿತ್ರಗಳು ಹತ್ತರ ಆಸುಪಾಸು. ಐವತ್ತು ಬೇಕೆನ್ನುವವರಿಗೆ ಬೇಕಿರುವುದು ಮನೆ ಮಾರಾಟದ ಜಾಹೀರಾತು. ನೀವು ಸ್ಥಳದಲ್ಲಿರಿ, ಆದರೆ ಸೂಚನೆ ಕೊಡುವವರು ಒಬ್ಬರೇ ಇರಲಿ. ಗಿರಾಕಿ, ಗುತ್ತಿಗೆದಾರ, ಗಿರಾಕಿಯ ಭಾವಮೈದುನ ಎಲ್ಲರೂ ಲ್ಯಾಪ್‌ಟಾಪ್ ಪರದೆಗೆ ಮುಗಿಬಿದ್ದರೆ ಹೂದಾನಿ ಜರುಗಿಸುವುದರಲ್ಲೇ ಸೂರ್ಯ ಮುಳುಗುತ್ತಾನೆ.

ಹೂದಾನಿ ಜರುಗಿಸಿ ದೃಶ್ಯ ಜೋಡಿಸುವ ಮಾತು ಬಂದಾಗ ಒಂದು ಪ್ರಸಿದ್ಧ ಚಿತ್ರ ನೆನಪಾಗುತ್ತದೆ. ಲಾಸ್ ಏಂಜಲೀಸಿನ ಗುಡ್ಡದ ಮೇಲೆ ಪಿಯರ್ ಕೋನಿಗ್ ಕಟ್ಟಿದ ಗಾಜಿನ ಸ್ಟಾಲ್ ಹೌಸಿನ ಚಿತ್ರ ಅದು, 1960ರಲ್ಲಿ ಜೂಲಿಯಸ್ ಶುಲ್ಮನ್ ತೆಗೆದದ್ದು. ಕೆಳಗೆ ರಾತ್ರಿಯ ನಗರ, ಒಳಗೆ ಮಾತಾಡುತ್ತ ಕೂತ ಇಬ್ಬರು ಯುವತಿಯರು. ಮನೆ ಆಗ ಪೂರ್ತಿ ಮುಗಿದಿರಲೇ ಇಲ್ಲ. ನಗರದ ದೀಪಗಳಿಗೆಂದು ಏಳು ನಿಮಿಷದ ದೀರ್ಘ ಎಕ್ಸ್‌ಪೋಷರ್, ಆಮೇಲೆ ಒಳಗಿನವರಿಗೆಂದು ಫ್ಲ್ಯಾಶ್, ಎಲ್ಲವೂ ಒಂದೇ ಫಿಲ್ಮಿನ ಮೇಲೆ. ಹೀಗೆ ಜೋಡಿಸಿದ ಚಿತ್ರ ಸುಳ್ಳೇ? ನನಗೆ ಹಾಗನಿಸುವುದಿಲ್ಲ, ಆ ಗಾಜು, ಆ ಚಾವಣಿ, ಆ ನೋಟ ಅಲ್ಲಿ ಇದ್ದವು. ಕುರ್ಚಿ ತಂದಿಡಬಹುದು, ದೀಪ ಹಚ್ಚಬಹುದು. ಆದರೆ ಕೋಣೆಯ ನಡುವಿನ ಕಂಬವನ್ನೋ ಗೋಡೆಯ ಸ್ವಿಚ್‌ಬೋರ್ಡನ್ನೋ ಫೋಟೋಶಾಪಿನಲ್ಲಿ ಅಳಿಸಿ ಪ್ರಶಸ್ತಿಗೆ ಕಳಿಸುವುದು ಮೋಸ. ಕಂಬವಿದ್ದೂ ಕೋಣೆ ಚೆನ್ನಾಗಿರುವಂತೆ ಮಾಡುವುದಕ್ಕೇ ಅಲ್ಲವೇ ನಮ್ಮನ್ನು ಕರೆಯುವುದು?

ಇನ್ನು ಕಾನೂನು. ಇದನ್ನು ದಯವಿಟ್ಟು ಬರೆದುಕೊಳ್ಳಿ. ಚಿತ್ರ ತೆಗೆದವರದೇ ಹಕ್ಕು ಎಂದು ನಮ್ಮಲ್ಲಿ ಹಲವರು ನಂಬಿದ್ದಾರೆ. ಅಂತರ್ಜಾಲದಿಂದ ಇಳಿಸಿಕೊಂಡ ಅಮೆರಿಕದ ಕರಾರುಗಳು ಆ ನಂಬಿಕೆಯನ್ನು ಬೆಳೆಸಿವೆ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಬೇರೆಯದನ್ನೇ ಹೇಳುತ್ತದೆ. ಪ್ರತಿಫಲ ಪಡೆದು ಇನ್ನೊಬ್ಬರ ಕೋರಿಕೆಯ ಮೇರೆಗೆ ಚಿತ್ರ ತೆಗೆದಿದ್ದರೆ, ವಿರುದ್ಧವಾದ ಒಪ್ಪಂದ ಇಲ್ಲದಿದ್ದಲ್ಲಿ, ಮೊದಲ ಹಕ್ಕುದಾರರು ತೆಗೆಸಿದವರು. ಅಂದರೆ ಬಾಯಿಮಾತಿನ ಕೆಲಸದಲ್ಲಿ ಛಾಯಾಗ್ರಾಹಕರಿಗೆ ನಷ್ಟ. ವಿನ್ಯಾಸಕರು ನಿಶ್ಚಿಂತೆಯಿಂದ ಇರಬಹುದೇ? ಅದೂ ಇಲ್ಲ. ತೆಗೆಸಿದವರು ಯಾರು? ಕರೆದದ್ದು ನೀವು, ಹಣ ಕೊಟ್ಟದ್ದು ಮನೆಯೊಡೆಯ, ಅರ್ಧ ವೆಚ್ಚ ಭರಿಸಿದ್ದು ಟೈಲ್ಸ್ ಕಂಪನಿ ಎಂದಾದರೆ ಜಗಳಕ್ಕೆ ಮುಹೂರ್ತ ಇಟ್ಟಂತೆಯೇ. ಹಕ್ಕು ವರ್ಗಾಯಿಸುವ ಪತ್ರದಲ್ಲಿ ಅವಧಿ ಹೇಳದಿದ್ದರೆ 19ನೇ ಕಲಂ ಪ್ರಕಾರ ಅದು ಐದೇ ವರ್ಷ. ಪ್ರದೇಶ ಹೇಳದಿದ್ದರೆ ಭಾರತಕ್ಕೆ ಮಾತ್ರ. ಹಕ್ಕು ಯಾರ ಕೈಗೆ ಹೋದರೂ ಕೃತಿ ತನ್ನದೆಂದು ಹೇಳಿಕೊಳ್ಳುವ ಕರ್ತೃವಿನ ಅಧಿಕಾರ 57ನೇ ಕಲಮಿನಲ್ಲಿ ಉಳಿದೇ ಇರುತ್ತದೆ. ಹಾಗಾಗಿ ಚಿತ್ರದ ಕೆಳಗೆ ಛಾಯಾಗ್ರಾಹಕರ ಹೆಸರು ಹಾಕುವುದು ನಿಮ್ಮ ಔದಾರ್ಯವೇನೂ ಅಲ್ಲ.

ಮನೆಯೊಡೆಯರ ಒಪ್ಪಿಗೆ ಇದೆಲ್ಲದರಿಂದ ಬೇರೆಯದು. ದೇವರಮನೆ, ಮಕ್ಕಳ ಫೋಟೋ, ಕಿಟಕಿಯಾಚೆ ಕಾಣುವ ರಸ್ತೆಯ ಫಲಕ, ಇವು ಪತ್ರಿಕೆಯಲ್ಲಿ ಬರಬಹುದೇ ಎಂದು ಅವರನ್ನೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಮಧ್ಯಾಹ್ನದ ಗೋಷ್ಠಿಗಳಲ್ಲಿ ಇಲ್ಲಿರುವ ವಿನ್ಯಾಸಕರೂ ಛಾಯಾಗ್ರಾಹಕರೂ ಎದುರುಬದುರಾಗಿ ಕುಳಿತು, ಬಳಕೆ, ಅವಧಿ, ಹೆಸರು, ತಿದ್ದುಪಡಿಯ ಮಿತಿ, ಮುಂಗಡ ಎಲ್ಲವೂ ಇರುವ ಒಂದು ಪುಟದ ಮಾದರಿ ಒಪ್ಪಂದವನ್ನು ಕನ್ನಡದಲ್ಲೇ ಬರೆಯಿರಿ. ವಕೀಲರೊಬ್ಬರಿಗೆ ತೋರಿಸಿ, ಮುಂದಿನ ಕೆಲಸಕ್ಕೆ ಅದನ್ನೇ ಬಳಸಿ.